ಮರಕ್ಕೆ ವರ್ಗಾವಣೆ ಬಂತು

ನಮ್ಮ ಕಚೇರಿಯ ಮರಕ್ಕೆ ವರ್ಗಾವಣೆ ಆದೇಶ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಜವಾನ ಅದನ್ನು ಹಿಡಿದುಕೊಂಡು ನೆಟ್ಟಗೆ ಅಂಗಳಕ್ಕೆ ಹೋದ, ಕಾಂಡದ ಎದುರು ಸ್ವಲ್ಪ ಹೊತ್ತು ನಿಂತ, ಆಮೇಲೆ ನನ್ನ ಮೇಜಿಗೆ ಬಂದು, "ತಗೊಳ್ತಾ ಇಲ್ಲ ಮೇಡಂ, ನೀವೇ ಒಂದ್ ಮಾತು ಹೇಳಿ" ಎಂದ.

ಮರಕ್ಕೆ ಸರ್ಕಾರಿ ನೌಕರಿ ಹೇಗೆ ಸಿಕ್ಕಿತು ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಕೊಡಿಸಿದವಳು ನಾನು. ನಮ್ಮದು ತೂಕ ಮತ್ತು ಅಳತೆ ಕಚೇರಿ. ಅಂಗಡಿಯವರ ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಡಬ್ಬ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ನಮ್ಮ ಕೆಲಸ. ನಾನು ಅಲ್ಲಿ ಹೆಡ್ ಕ್ಲಾರ್ಕ್. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ. ಎದುರಿಗೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಹಿಂದಿನ ವರ್ಷ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಕಾರು ನಿಲ್ಲಿಸಲು ಜಾಗ ಸಾಲದು, ಆದ್ದರಿಂದ ನೌಕರರನ್ನು ಬಿಟ್ಟು ಅಂಗಳದಲ್ಲಿ ಇರುವುದನ್ನೆಲ್ಲ ತೆರವು ಮಾಡಬೇಕು. ಅಂಗಳದಲ್ಲಿ ಇದ್ದದ್ದು ತುಕ್ಕು ಹಿಡಿದ ಒಂದು ಸೈಕಲ್ಲು ಮತ್ತು ಆ ಮರ. ಸೈಕಲ್ಲಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಮರದ ಕೆಳಗೆ ಮಾತ್ರ ದಿನಾ ಊಟ ಮಾಡುತ್ತಿದ್ದೆ. ಸಂಜೆ ಹೊರಡುವಾಗ ಬಾಟಲಿಯಲ್ಲಿ ಉಳಿದ ನೀರನ್ನು ಅದರ ಬುಡಕ್ಕೆ ಸುರಿದು ಹೋಗುತ್ತಿದ್ದೆ. ಮರಕ್ಕೆ ಬಾಯಾರಿದೆ ಎಂದಲ್ಲ, ಚೀಲ ಹಗುರಾಗಲಿ ಎಂದು. ಆದರೂ ಅದನ್ನು ಕಡಿಯುತ್ತಾರೆ ಎಂದಾಗ ಸುಮ್ಮನಿರಲಾಗಲಿಲ್ಲ. ಕೂತಲ್ಲೇ ಅದನ್ನು ನೌಕರರ ಪಟ್ಟಿಗೆ ಸೇರಿಸಿದೆ. ಹೆಸರು: ಮರ. ತಂದೆಯ ಹೆಸರು: ಬೀಜ. ಹುದ್ದೆ: ನೆರಳು. ಸೇವೆಗೆ ಸೇರಿದ್ದು: ಕಚೇರಿ ಕಟ್ಟುವ ಮೊದಲು. ನಮ್ಮ ಸಾಹೇಬರು ಓದಿ ಸಹಿ ಹಾಕುವ ಪೈಕಿ ಅಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಮರ ಒಳ್ಳೆಯ ನೌಕರನಾಯಿತು. ಎಲ್ಲರಿಗಿಂತ ಮೊದಲು ಬಂದಿರುತ್ತಿತ್ತು, ಎಲ್ಲರೂ ಹೋದ ಮೇಲೂ ಇರುತ್ತಿತ್ತು. ಮೀಟಿಂಗಿನಲ್ಲಿ ಸಾಹೇಬರು ಕಿಟಕಿಯ ಕಡೆ ಕೈ ತೋರಿಸಿ, "ಅದನ್ನ ನೋಡಿ ಕಲೀರಿ. ಒಂದಿನ ಆದ್ರೂ ರಜೆ ಕೇಳಿದ್ಯಾ?" ಎಂದು ನಮ್ಮನ್ನು ಹಂಗಿಸತೊಡಗಿದರು. ಟೈಪಿಸ್ಟ್ ಹೆಂಗಸು ಮೂಗು ಮುರಿದು, "ಅದಕ್ಕೇನು ಸಾರ್, ಗಂಡ ಮಕ್ಕಳು ಇದಾರಾ?" ಎಂದಳು. ಎಲೆ ಉದುರುವ ಕಾಲದಲ್ಲಿ ಅದೇ ಟೈಪಿಸ್ಟ್ ಮರದ ಹೆಸರಿನ ಮುಂದೆ ವೈದ್ಯಕೀಯ ರಜೆ ಎಂದು ಬರೆದು, ಅದಕ್ಕಾದರೆ ಕೇಳದೆಯೇ ರಜೆ ಎಂದು ನಾಲ್ಕು ಜನರ ಎದುರು ಮುಖ ಊದಿಸಿಕೊಂಡು ಕುಳಿತಳು.

ಹೀಗೆ ಸುಖವಾಗಿದ್ದಾಗಲೇ ಹೊಸ ನಿಯಮ ಬಂತು. ಒಂದೇ ಕಡೆ ಬಹಳ ಕಾಲದಿಂದ ಬೇರು ಬಿಟ್ಟಿರುವ ನೌಕರರನ್ನೆಲ್ಲ ಎಬ್ಬಿಸಿ ಬೇರೆ ಊರಿಗೆ ಕಳಿಸಬೇಕಂತೆ. ಸೇವಾ ಹಿರಿತನದಲ್ಲಿ ಮರದ ಹೆಸರು ಎಲ್ಲರಿಗಿಂತ ಮೇಲೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಮರವೋ ಮನುಷ್ಯನೋ ಎಂದು ಯಾರೂ ವಿಚಾರಿಸಲಿಲ್ಲ. ಒಂದು ದಿನದ ಬಸ್ ಪ್ರಯಾಣದಷ್ಟು ದೂರದ ಶಾಖೆಗೆ ತಿಂಗಳ ಕೊನೆಯೊಳಗೆ ಹಾಜರಾಗಬೇಕೆಂದು ಬರೆದಿದ್ದರು.

ನಾನು ಸಾಹೇಬರ ಕೋಣೆಗೆ ನುಗ್ಗಿದೆ.

"ಸಾರ್, ಮರ ಹೇಗೆ ಹೋಗತ್ತೆ?"

"ಎಲ್ಲರೂ ಹೇಗೆ ಹೋಗ್ತಾರೋ ಹಾಗೇ ಹೋಗ್ಲಿ ಬಿಡ್ರೀ. ಬಸ್ಸಲ್ಲಿ ಹಿಡಿಸಲ್ಲ ಅಂದ್ರೆ ಲಾರಿ ಮಾಡೋಣ. ಲಾರೀಲೂ ಹಿಡಿಸಲ್ಲ ಅಂದ್ರೆ ಗರಗಸದವರನ್ನ ಕರೆಸಿ ತುಂಡು ತುಂಡು ಮಾಡಿ ಕಳಿಸೋಣ. ಅಲ್ಲಿ ಜೋಡಿಸ್ಕೋತಾರೆ."

"ಜೋಡಿಸ್ಕೋತಾರಾ?"

"ಅದು ಆ ಕಚೇರಿ ತಲೆನೋವು ಕಣ್ರೀ."

ಅವರು ತಮಾಷೆ ಮಾಡುತ್ತಿರಲಿಲ್ಲ. ಗರಗಸದವನಿಗೆ ಆಗಲೇ ಫೋನ್ ಮಾಡಿಸಿದ್ದರು.

ನಾನು ಮೊದಲು ಮರದ ಪರವಾಗಿ ಮನವಿ ಬರೆದೆ: ಇದರ ಮೇಲೆ ಅಳಿಲು, ಗುಬ್ಬಿ, ಇರುವೆ ಮುಂತಾದ ಅವಲಂಬಿತರಿದ್ದಾರೆ, ಕರುಣೆ ತೋರಿಸಿ. ಅವಲಂಬಿತರ ಜನ್ಮ ಪ್ರಮಾಣಪತ್ರ ಲಗತ್ತಿಸಿಲ್ಲವೆಂದು ಮನವಿ ವಾಪಸು ಬಂತು. ಆಮೇಲೆ ಅನಾರೋಗ್ಯದ ದಾರಿ ಹಿಡಿದೆ. ಇಲಾಖೆಯ ಡಾಕ್ಟರು ಬಂದರು, ಕಾಂಡಕ್ಕೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಆಲಿಸಿದರು. "ಇಷ್ಟು ಆರೋಗ್ಯವಾಗಿರೋ ನೌಕರನ್ನ ನಾನು ಈ ಇಲಾಖೇಲಿ ನೋಡೇ ಇಲ್ಲ" ಎಂದು ಬರೆದುಕೊಟ್ಟು, ನೆರಳಲ್ಲಿ ಒಂದು ನಿದ್ದೆ ತೆಗೆದು ಹೋದರು.

ಉಳಿದದ್ದು ಒಂದೇ ದಾರಿ, ಪರಸ್ಪರ ವರ್ಗಾವಣೆ. ಯಾರಾದರೂ ಒಪ್ಪಿ ಮರದ ಹುದ್ದೆಗೆ ಅಲ್ಲಿಗೆ ಹೋದರೆ, ಅವರ ಹುದ್ದೆಯಲ್ಲಿ ಮರ ಇಲ್ಲೇ ಇರಬಹುದು. ಇಡೀ ಕಚೇರಿಯನ್ನು ಕೇಳಿದೆ. ಮರದ ಕೆಳಗೆ ಕೂತು ಉಂಡವರು, ಉಂಡು ಗೊರಕೆ ಹೊಡೆದವರು, ಎಲ್ಲರಿಗೂ ಒಮ್ಮೆಲೇ ವಯಸ್ಸಾದ ತಾಯಿ ನೆನಪಾದಳು.

ನನಗೆ ಏನಾಯಿತೆಂದು ಹೇಳಿಬಿಡುತ್ತೇನೆ. ಈ ನೌಕರಿ ನನ್ನನ್ನು ಊರಿಂದ ಊರಿಗೆ ಬೆಕ್ಕಿನ ಮರಿಯ ಹಾಗೆ ಹೊತ್ತು ಹಾಕಿದೆ. ನಮ್ಮ ಯಜಮಾನರದು ಇಲ್ಲೇ ಟೈಲರ್ ಅಂಗಡಿ. ಮದುವೆಯಾದ ಮೇಲೆ ಅರ್ಧ ಆಯಸ್ಸು ನಾವು ಗಂಡ ಹೆಂಡತಿ ಫೋನಿನಲ್ಲೇ ಜಗಳ ಮಾಡಿದ್ದೇವೆ. ಈಗಷ್ಟೇ ಒಂದೇ ಒಲೆಯ ಮುಂದೆ ಕೂತು ಜಗಳ ಮಾಡುವ ಭಾಗ್ಯ ಬಂದಿತ್ತು. ಅದನ್ನು ಬಿಟ್ಟು ಹೋಗಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ. ಆದರೆ ಪಟ್ಟಿಗೆ ಸೇರಿಸಿದವಳು ನಾನು. ಮಾಡಿದ್ದುಣ್ಣೋ ಮಹರಾಯ.

"ಒಂದು ಮರಕ್ಕೋಸ್ಕರ ಗಂಡನ್ನ ಬಿಟ್ಟು ಹೋಗ್ತೀಯಾ?" ಎಂದರು ಯಜಮಾನರು, ಬಾಯಲ್ಲಿ ದಾರ ಕಚ್ಚಿಕೊಂಡು.

"ನಿಮ್ಮನ್ನ ಯಾರೂ ಗರಗಸದಲ್ಲಿ ಕೊಯ್ತಾ ಇಲ್ವಲ್ಲ ರೀ."

"ಕೊಯ್ದಿದ್ರೆ ಇರ್ತಿದ್ಯಾ?"

"ಯೋಚನೆ ಮಾಡ್ತಿದ್ದೆ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಹೊರಡುವ ದಿನ ಒಂದು ಕೊಡೆ ತಂದು ಕೈಗಿಟ್ಟರು. ಮುರಿದ ದೊಡ್ಡ ಕೊಡೆಯೊಂದಕ್ಕೆ ಅಂಗಡಿಯಲ್ಲಿ ಉಳಿದ ಹಸಿರು ಬಟ್ಟೆ ಚೂರುಗಳನ್ನೆಲ್ಲ ಸೇರಿಸಿ ಹೊಲಿದಿದ್ದರು. ಒಂದು ಚೂರಿನ ಹಸಿರು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. "ಅಲ್ಲಿ ಬಿಸಿಲು ಜಾಸ್ತಿ ಅಂತೆ ಕಣೇ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೊಸ ಶಾಖೆಯ ಅಂಗಳ ಬೋಳುತಲೆಯಂತಿತ್ತು. ನಡುವೆ ಒಂದು ಗುಂಡಿ ತೋಡಿ, ಸುತ್ತ ಇಟ್ಟಿಗೆ ಜೋಡಿಸಿ, ನೀರು ಹಾಕಿ ಹದ ಮಾಡಿ ಇಟ್ಟಿದ್ದರು. ಸಿಬ್ಬಂದಿಯೆಲ್ಲ ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದರು. ನಾನು ಚೀಲ ಇಳಿಸಿದಾಗ ಅಲ್ಲಿಯ ಸಾಹೇಬರು ನನ್ನ ಹಿಂದೆ ಇಣುಕಿದರು.

"ಮರ ಎಲ್ಲಮ್ಮಾ?"

"ಅದರ ಬದಲು ನಾನು ಬಂದಿದೀನಿ ಸಾರ್."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಡಿ ಮುಡಿಗಳ ನಡುವೆ ಹೆಚ್ಚು ಅಂತರವಿಲ್ಲ, ನಾನು ಕುಳ್ಳಿ. ಪಾಪ, ಅವರ ಮುಖ ಸಪ್ಪಗಾಯಿತು. "ನಾವು ಎಷ್ಟು ಆಸೆ ಇಟ್ಕೊಂಡಿದ್ವಿ" ಎಂದರು. ಆಮೇಲೆ ಆದೇಶ ಓದಿ, "ಹುದ್ದೆ ನೆರಳು ಅಂತ ಇದೆ. ಒಳಗೆ ಕುರ್ಚಿ ಕೊಡೋಕೆ ಬರಲ್ಲಮ್ಮ. ನಿಮ್ಮ ಜಾಗ ಅಂಗಳ" ಎಂದು ಗುಂಡಿಯ ಕಡೆ ಕೈ ತೋರಿಸಿದರು.

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಆದರೆ ಜಗಳಾಡಿ ವಾಪಸು ಹೋದರೆ ಅಲ್ಲಿ ಗರಗಸ ಕಾದಿದೆ. ಚಪ್ಪಲಿ ಕಳಚಿಟ್ಟು ಗುಂಡಿಗೆ ಇಳಿದೆ. ಕೊಡೆ ಬಿಚ್ಚಿ ನಿಂತೆ.

ನಿಲ್ಲುವುದೇನು ಮಹಾ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ನನ್ನದಲ್ಲ ಎನ್ನಿಸಿತು. ಬಿಸಿಲಿಗೆ ನೆತ್ತಿ ಬೆಂದಿತು. ಸೊಂಟದ ಮೇಲೆ ಇರುವೆ ಹತ್ತಿತು, ಕೆರೆದುಕೊಳ್ಳಲು ಕೈ ಬಿಡುವಿರಲಿಲ್ಲ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

"ನಿನ್ನೆ ನಿಮ್ಮ ಆಫೀಸಿಗೆ ಹೋಗಿದ್ದೆ ಕಣೇ" ಎಂದರು ಯಜಮಾನರು. "ಈಗ ಮರಾನೇ ಹೆಡ್ ಕ್ಲಾರ್ಕ್. ಟೈಪಿಸ್ಟು ಹೇಳ್ತಾ ಇದ್ಲು, ಬೈಯೋದೇ ಇಲ್ಲ ಅಂತೆ, ಆದ್ರೂ ಎಲ್ರೂ ಕೆಲಸ ಮಾಡ್ತಾರಂತೆ. ನಾನು ಅದರ ಕೆಳಗೇ ಕೂತು ಊಟ ಮಾಡ್ದೆ. ತಂಪಾಗಿದೆ." ಆಮೇಲೆ, "ನೀನು ಊಟ ಮಾಡಿದ್ಯಾ?" ಎಂದರು. ಹೂಂ ಎಂದು ಸುಳ್ಳು ಹೇಳಿದೆ.

ಊಟದ ಹೊತ್ತಿಗೆ ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ಹೊರಗೆ ಬಂದರು. ಮೊದಲು ಸಂಕೋಚದಿಂದ ದೂರ ಕೂತರು, ಆಮೇಲೆ ಹತ್ತಿರ ಸರಿದರು. ಮೂರು ಜನಕ್ಕೆ ಸಾಕಾಗುವ ಕೊಡೆಯಡಿ ಐದು ಜನ ಒತ್ತಿಕೊಂಡು ಕೂತರು. ಸಾಹೇಬರನ್ನು ಬೈದರು, ಅತ್ತೆಯನ್ನು ಬೈದರು, ಒಬ್ಬ ನನ್ನ ಕಾಲಿಗೆ ಬೆನ್ನು ಕೊಟ್ಟು ತೂಕಡಿಸಿದ. ಯಾರೂ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ನಾನೂ ನಮ್ಮ ಮರವನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಎದ್ದು ಹೋಗುವಾಗ ಕೊನೆಯವನೊಬ್ಬ, ಬೊಕ್ಕತಲೆಯ ಗುಮಾಸ್ತ, ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ನನ್ನ ಪಾದದ ಮೇಲೆ ಸುರಿದ. ಬೇಕೆಂದು ಮಾಡಿದ್ದಲ್ಲ, ಬಾಟಲಿ ಹಗುರಾಗಲಿ ಎಂದು. ಬೈಗುಳ ಬಾಯಿ ತುಂಬ ಬಂತು. ಅಷ್ಟರಲ್ಲಿ ನೀರು ಬೆರಳ ಸಂದಿಯಿಂದ ಮಣ್ಣಿಗೆ ಇಳಿಯಿತು, ಬೆಂದ ಪಾದ ತಣ್ಣಗಾಯಿತು. ಅವನು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ, ಬಿಸಿಲು ಅವನ ಬೋಳು ನೆತ್ತಿಯ ಮೇಲೆ ಬೀಳುತ್ತಿತ್ತು. ನಾನು ಕೊಡೆಯನ್ನು ಸ್ವಲ್ಪ ಆ ಕಡೆ ವಾಲಿಸಿದೆ.