ಬಸೂಗೆ ಇಡದ ಬಟ್ಟೆ

ರವಿವಾರ ಬಂತೆಂದರೆ ಸುನೀಲಕುಮಾರನಿಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ನವನಗರದ ಅಷ್ಟಗಲದ ರಸ್ತೆಗಳೂ ಅವನಿಗೆ ಇಕ್ಕಟ್ಟು. ಶ್ರಾವಣದ ಮಳೆ ಹಿಡಿದು ಬಿಟ್ಟದ್ದೇ ತಡ, ಯಾರದೋ ವಿಡಿಯೊ ತೋರಿಸುತ್ತ ಅಡುಗೆಮನೆಗೆ ನುಗ್ಗಿದ. "ಬಾದಾಮ್ಯಾಗ ಅಕ್ಕ-ತಂಗಿ ಫಾಲ್ಸ್ ಚಾಲೂ ಆಗ್ಯಾವ ನೋಡ." ಮುಂದಿನದೆಲ್ಲ ಅವನೇ ಗೊತ್ತು ಮಾಡಿದ. ಬೆಳಿಗ್ಗೆ ಬಾದಾಮಿ, ಆಮೇಲೆ ಪಟ್ಟದಕಲ್ಲು, ಹುನಗುಂದದ ಮೇಲೆ ಹಾಯ್ದು ಇಳಕಲ್, ಅಲ್ಲಿ ಹೆಂಡತಿ ಮಹೇಶ್ವರಿಗೊಂದು ಸೀರೆ, ಕತ್ತಲಾಗುವುದರೊಳಗೆ ಮನೆ. ಡ್ರೈವರ್ ರಮಜಾನನ ಗಾಡಿಗೂ ಹೇಳಿಯಾಗಿತ್ತು. ತಾಯಿ ಇಂದ್ರಾಬಾಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೇಳಿದ್ದರೆ ಆಕೆ ಬೇಡ ಎನ್ನುತ್ತಿದ್ದಳು. ಐದು ದಶಕದ ಹಿಂದೆ ಇಂಥದೇ ಶ್ರಾವಣದಲ್ಲಿ, ಅವರ ಮನೆ ಇನ್ನೂ ಹಳೆ ಬಾಗಲಕೋಟೆಯಲ್ಲಿದ್ದಾಗ, ಬುತ್ತಿ ಕಟ್ಟಿಕೊಂಡು ಅದೇ ಜಲಪಾತ ನೋಡಲು ಹೋಗಿದ್ದರು. ಅಕ್ಕ ಇಂದ್ರಾ, ಒಂಬತ್ತು ವರ್ಷದ ತಂಗಿ ಬಸವೇಶ್ವರಿ, ಅವ್ವ ಬಾಳಮ್ಮ. ಉಂಡು ಕೈ ತೊಳೆಯಲು ನೀರಿಗಿಳಿದ ಬಸೂ ಮೇಲೆ ಬರಲಿಲ್ಲ. ಈಜು ಬಲ್ಲವರು ಮೂರು ದಿನ ನೀರು ಜಾಲಾಡಿದರು. ಹೆಣ ಸಿಗಲಿಲ್ಲ.

"ಸಿಕ್ಕಿಲ್ಲಂದ್ರ ಸತ್ತಿಲ್ಲ" ಎಂದಳು ಬಾಳಮ್ಮ. ಆ ಮಾತಿನಿಂದ ಆಕೆಯನ್ನು ಕದಲಿಸುವುದು ಯಾರಿಂದಲೂ ಆಗಲಿಲ್ಲ. ಮಹಾನವಮಿಗೆ, ತೀರಿಕೊಂಡ ಹಿರಿಯರಿಗೆಂದು ದೇವರ ಜಗಲಿಯ ಮೇಲೆ ಹೊಸ ಬಟ್ಟೆ ಇಡುವಾಗ ಎಲ್ಲರ ಹೆಸರಿಗೂ ಒಂದೊಂದು ಬರುತ್ತಿತ್ತು, ಬಸೂನ ಹೆಸರಿಗೆ ಬರುತ್ತಿರಲಿಲ್ಲ. ಬಟ್ಟೆ ಇಟ್ಟರೆ ಸತ್ತಳೆಂದು ಒಪ್ಪಿಕೊಂಡಂತೆ. ಮುಂದೆ ಅಣೆಕಟ್ಟಿನ ಹಿನ್ನೀರು ಏರಿ ಊರು ಬಿಡಬೇಕಾಗಿ ಬಂದಾಗ ಮುದುಕಿ ಕಂಬ ಹಿಡಿದು ಕೂತುಬಿಟ್ಟಿದ್ದಳು. "ನಾಳೆ ಬಸೂ ಬಂದ್ರ ಮನಿ ಎಲ್ಲಿ ಅಂತ ಹುಡುಕ್ತಾಳ?" ಹೊತ್ತುಕೊಂಡೇ ಗಾಡಿ ಹತ್ತಿಸಿದರು. ನವನಗರದಲ್ಲಿ ಸಾಯುವ ದಿನದವರೆಗೂ ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ.

ಇಂದ್ರಾಬಾಯಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಎಷ್ಟೋ ಮಂದಿಗೆ ನಿಮ್ಮವರು ತೀರಿಕೊಂಡರು ಎಂದು ಹೇಳಿದ ನಾಲಿಗೆ ಅದು, ಮನೆಯಲ್ಲಿ ಮಾತ್ರ ಆ ಮಾತಿಗೆ ಏಳುತ್ತಿರಲಿಲ್ಲ. ಸುನೀಲಕುಮಾರ ತನಗೆ ಮಗಳು ಹುಟ್ಟಿದಾಗ, ಮನೆಯಲ್ಲಿ ಹೋದವರ ಹೆಸರಿಡುವುದು ಪದ್ಧತಿಯೆಂದು ಬಸವೇಶ್ವರಿ ಎಂದೇ ಇಟ್ಟ. ಅದು ಸಾಲೆಯ ಹಾಜರಿಗಷ್ಟೇ ಆಯಿತು. ಇಂದ್ರಾಬಾಯಿ ಗುಬ್ಬಿ ಎಂದು ಕರೆದಳು, ಮನೆಯೆಲ್ಲ ಗುಬ್ಬಿ ಎಂದಿತು. ತಂಗಿಯ ಹೆಸರು ಮುಂದುವರಿಯಿತು, ಅವಳಿಗೆ ಬಟ್ಟೆ ಮಾತ್ರ ಸಿಗಲಿಲ್ಲ. ಗುಬ್ಬಿಗೆ ಈ ಶ್ರಾವಣಕ್ಕೆ ಒಂಬತ್ತು ತುಂಬಿತ್ತು. ಆ ನೀರಿಗೆ ಅವಳನ್ನು ತಾನಿಲ್ಲದೆ ಕಳಿಸಲಾರದೆ ಇಂದ್ರಾಬಾಯಿಯೂ ಗಾಡಿ ಹತ್ತಿದಳು.

ಬಾದಾಮಿಯಲ್ಲಿ ಭೂತನಾಥ ಗುಡಿಯ ಹಿಂದೆ ಕೆಂಪು ಬಂಡೆಯ ಮೇಲಿನಿಂದ ನೀರು ಎರಡು ಧಾರೆಯಾಗಿ ಬೀಳುತ್ತಿತ್ತು. ಮಂದಿಯೂ ಮಸ್ತಾಗಿ ನೆರೆದಿತ್ತು. ಸುನೀಲಕುಮಾರ ಹೆಂಡತಿಯನ್ನು ಅಲ್ಲಿ ನಿಲ್ಲಿಸಿ ಇಲ್ಲಿ ನಿಲ್ಲಿಸಿ ಫೋಟೊ ಹೊಡೆಯುವುದರಲ್ಲಿ ಮುಳುಗಿದ್ದ. ಇಂದ್ರಾಬಾಯಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಪಕ್ಕದಲ್ಲಿ ಗುಬ್ಬಿ ಇರಲಿಲ್ಲ.

"ಗುಬ್ಬೀ" ಎಂದಳು. ನೀರಿನ ಸಪ್ಪಳದಲ್ಲಿ ಅದು ಎಲ್ಲಿ ಹೋಯಿತೋ. ಮತ್ತೆ ಕರೆದಳು. ಮೂರನೇ ಸಲ ಬಾಯಿಗೆ ಹಳೆಯ ಹೆಸರೇ ಬಂತು. "ಬಸವೇಶ್ವರೀ" ಎಂದು ಚೀರಿದಳು.

ಹೆಸರು ಬಂಡೆಯಿಂದ ಬಂಡೆಗೆ ಬಡಿದುಕೊಂಡು ಹೋಯಿತು. ನೀರು ಬೀಳುವ ಜಾಗದಿಂದ ಉತ್ತರ ಬಂತು. "ಓ. ಬಂದೆ ಅಕ್ಕಾ."

ಮರುಕ್ಷಣ ಗುಬ್ಬಿ ಬಂಡೆಯ ಮರೆಯಿಂದ ಬಂದಳು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಿ ಒಣಗಿಯೇ ಇತ್ತು.

"ಯಾಕಷ್ಟು ಚೀರ್ತಿ ಅವ್ವಾ? ಪ್ರತಿಧ್ವನಿ ಅದು" ಎಂದು ಸುನೀಲಕುಮಾರ ನಕ್ಕ. ಪ್ರತಿಧ್ವನಿ ಕೊಟ್ಟದ್ದನ್ನಷ್ಟೇ ತಿರುಗಿ ಕೊಡುತ್ತದೆ. ಇಂದ್ರಾಬಾಯಿ ಅಕ್ಕಾ ಎಂದು ಕೂಗಿರಲಿಲ್ಲ.

ಪಟ್ಟದಕಲ್ಲಿನಲ್ಲಿ ಎಲ್ಲರೂ ಗುಡಿ ನೋಡಿದರು. ಇಂದ್ರಾಬಾಯಿ ಮೊಮ್ಮಗಳನ್ನೇ ನೋಡಿದಳು. ಎಂದೂ ಒಂದು ಕಡೆ ನಿಲ್ಲದ ಪೋರಿ ಇಂದು ಆಕೆಯ ಕಿರುಬೆರಳು ಹಿಡಿದುಕೊಂಡು ತೆಪ್ಪಗೆ ನಡೆಯುತ್ತಿದ್ದಳು. ಕಿರುಬೆರಳು ಹಿಡಿದು ನಡೆಯುವುದು ಬಸೂನ ರೂಢಿ. ಬಿಸಿಲು ಚುರುಗುಟ್ಟುವಂತೆ ಬಿದ್ದಿದ್ದರೂ ಕೂದಲು ಒಣಗಲಿಲ್ಲ. ಮಹೇಶ್ವರಿ ಎರಡು ಸಲ ಟಾವೆಲಿನಿಂದ ಒರೆಸಿದಳು, ಎರಡು ಸಲವೂ ನೀರು ಮತ್ತೆ ಇಳಿಯಿತು.

ಹುನಗುಂದದಲ್ಲಿ ಚಹಾಕ್ಕೆ ನಿಂತರು. ಮಹೇಶ್ವರಿ ಬಿಸ್ಕೀಟು ಕೊಡಲು ಹೋದಾಗ ಹುಡುಗಿ ಆಕೆಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಕ್ಕಾರ. ಮಂದಿ ಕೊಟ್ಟದ್ದು ತಿನ್ನಬ್ಯಾಡ ಅಂದಾಳ ನಮ್ಮವ್ವ."

ಮಹೇಶ್ವರಿ ನಗಲು ನೋಡಿದಳು, ನಗು ಬರಲಿಲ್ಲ. ಮಗಳ ಹಣೆ ಮುಟ್ಟಿ ಕೈ ತೆಗೆದಳು. "ಅತ್ತಿ, ಮೈ ಐಸ್ ಆಗೇತ್ರಿ. ನೀವರೆ ಸ್ವಲ್ಪ ನೋಡ್ರಿ. ದವಾಖಾನಿಗೆ ಹೋಗೂಣ್ರಿ."

"ನಾಟಕ ಅದು. ಸೀರಿ ಅಂಗಡಿಗೆ ಬರಾಕ ಬ್ಯಾಸರ ಅಕಿಗೆ" ಎಂದ ಸುನೀಲಕುಮಾರ. ಅವನ ದನಿಯಲ್ಲೂ ಹುರುಪು ಇಳಿದಿತ್ತು. ಇಂದ್ರಾಬಾಯಿ ನಾಡಿ ಹಿಡಿದು ನೋಡಿದಳು. ಹತ್ತಲಿಲ್ಲ. ನಾಡಿ ಸಿಗಲಿಲ್ಲವೆಂದು ಬಾಯಿ ಬಿಡದೆ, ಇಳಕಲ್ಲಿಗೇ ನಡಿ ಎಂದು ರಮಜಾನನಿಗೆ ಹೇಳಿದಳು. ಇದು ದವಾಖಾನೆಯಲ್ಲಿ ಬಗೆಹರಿಯುವ ಕೆಲಸವಲ್ಲ ಎಂಬುದು ಅಷ್ಟು ವರ್ಷ ದವಾಖಾನೆಯಲ್ಲಿ ದುಡಿದವಳಿಗೆ ಗೊತ್ತಾಗಿತ್ತು.

ಗಾಡಿಯ ಹಿಂದಿನ ಸೀಟಿನಲ್ಲಿ ಹುಡುಗಿ ಕಿವಿಯ ಹತ್ತಿರ ಬಂದಳು. ಬಾಯಿಂದ ಪಾಚಿಯ ವಾಸನೆ ಬರುತ್ತಿತ್ತು.

"ಅಕ್ಕಾ, ನಾ ಮನಿಗೆ ಬಂದಿದ್ದೆ. ಓಣಿ ತುಂಬ ಬರೇ ನೀರಿತ್ತು. ಅವ್ವನ್ನ ಕರದೆ, ಯಾರೂ ಓ ಅನ್ನಲಿಲ್ಲ. ತಿರುಗಿ ಹೋದೆ. ಇವತ್ತ ನೀ ಕರದಿ ನೋಡ."

ಇಂದ್ರಾಬಾಯಿಗೆ ಹೆದರಿಕೆಯಾಯಿತು ನಿಜ, ಆದರೆ ಆ ಹೆದರಿಕೆಯ ಅಡಿಯಲ್ಲಿ ನಾಚಿಕೆಗೇಡಿನ ಒಂದು ಸಂತೋಷವೂ ಇತ್ತು. ಬಸೂ ಮಾತಾಡುತ್ತಿದ್ದಳು. ಇನ್ನೊಂದು ಗಳಿಗೆ ಹೀಗೇ ಇರಲಿ, ಇನ್ನೊಂದೇ ಗಳಿಗೆ ಎಂದಿತು ಮನಸ್ಸು. ಅಷ್ಟರಲ್ಲಿ ಗುಬ್ಬಿಯ ಉಗುರುಗಳು ನೀಲಿಗಟ್ಟುತ್ತಿರುವುದು ಕಣ್ಣಿಗೆ ಬಿತ್ತು. ಒಂದು ಮೈಯೊಳಗೆ ಇಬ್ಬರು ಹುಡುಗಿಯರಿಗೆ ಜಾಗ ಇರುವುದಿಲ್ಲ. ತಾನು ಹೀಗೇ ಕೂತರೆ ಸಂಜೆಗೆ ಮನೆ ಸೇರುವುದು ಗುಬ್ಬಿಯಲ್ಲ.

ಇಳಕಲ್ಲಿನಲ್ಲಿ ಲಕ್ಷ್ಮಪ್ಪನ ಸೀರೆ ಅಂಗಡಿ. ಮಗ ಸೊಸೆಯನ್ನು ಸೀರೆಯ ರಾಶಿಯೆದುರು ಕೂರಿಸಿ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಹಿಂದೆ ಬರಬೇಡಿರೆಂದು ಇಂದ್ರಾಬಾಯಿ ಕಟ್ಟುನಿಟ್ಟಾಗಿ ಹೇಳಿದಳು. ಆಮೇಲೆ ಲಕ್ಷ್ಮಪ್ಪನಿಂದ ಹುಡುಗಿಯರು ತೊಡುವ ಪರಕಾರ-ಪೋಲಕಕ್ಕೆ ಆಗುವಷ್ಟು ಖಣದ ಬಟ್ಟೆ ಕೇಳಿದಳು.

"ಎಷ್ಟು ವರ್ಷದ ಹುಡುಗಿಗ್ರಿ ಬಾಯಾರ?"

"ಒಂಬತ್ತು."

"ಈ ತಂಗಿಗೇನ್ರಿ?"

"ಈಕಿಗಲ್ಲ."

ಲಕ್ಷ್ಮಪ್ಪ ಹುಡುಗಿಯ ತೊಯ್ದ ತಲೆ ನೋಡಿದ, ಇಂದ್ರಾಬಾಯಿಯ ಮುಖ ನೋಡಿದ, ಮತ್ತೇನೂ ಕೇಳದೆ ಹಸಿರು ಖಣ ಹರಿದುಕೊಟ್ಟ. ಹಿಂದಿನ ಕೋಣೆಯಲ್ಲಿ ಒಂದು ಕೈಮಗ್ಗವಿತ್ತು, ರವಿವಾರವಾದ್ದರಿಂದ ಸುಮ್ಮನಿತ್ತು. ಗೋಡೆಯ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಇಂದ್ರಾಬಾಯಿ ಅದರ ಕೆಳಗೆ ಖಣ ಇಟ್ಟು, ಗೂಡಿನ ವಿಭೂತಿ ಕುಂಕುಮ ಹಚ್ಚಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡಳು.

"ಬಸೂ, ಇದು ನಿನ್ನ ಬಟ್ಟಿ."

"ನನಗ್ಯಾಕ ದೀಪದ ಮುಂದ ಇಟ್ಟಿ? ಇದು ಸತ್ತವರಿಗೆ ಇಡೂದು."

ಇಂದ್ರಾಬಾಯಿಗೆ ನಾಲಿಗೆ ಏಳಲಿಲ್ಲ. ಮತ್ತೆ ಪ್ರಯತ್ನಿಸಿದಳು. "ಹೌದವ್ವಾ. ನೀ ಅವತ್ತ ನೀರಾಗ ತೀರಿಕೊಂಡಿ."

ಹುಡುಗಿ ಖಣದ ಅಂಚನ್ನು ನೋಡಿದಳು. ಅತ್ತರೆ ಏನು ಮಾಡಲಿ ಎಂದುಕೊಂಡಳು ಇಂದ್ರಾಬಾಯಿ. ಹುಡುಗಿ ಅಳಲಿಲ್ಲ.

"ಅವ್ವಗ ಗೊತ್ತೈತೇನು?"

"ಇಲ್ಲ. ಅಕಿಗೆ ಹೇಳೂ ಧೈರ್ಯ ಯಾರಿಗೂ ಆಗಲಿಲ್ಲ."

"ಹಂಗಾದ್ರ ಕಾಯ್ತಿರ್ತಾಳ ಅಕ್ಕಾ. ಬೈತಾಳ, ತಲಿ ತೊಯಿಸಿಕೊಂಡೀನಿ ಅಂತ."

"ಬೈಯೂದಿಲ್ಲ. ಇವತ್ತ ನಿನ್ನ ಅವ್ವನ ಹಂತ್ಯಾಕ ಬಿಡ್ತೇನಿ. ಆ ಬಟ್ಟಿ ಮುಟ್ಟು. ನಮ್ಮ ಗುಬ್ಬೀನ ನನಗ ಬಿಟ್ಟುಕೊಡು."

ಹುಡುಗಿ ಎರಡೂ ಅಂಗೈ ಖಣದ ಮೇಲಿಟ್ಟಳು. ಹಸಿರು ಬಟ್ಟೆ ನೋಡುನೋಡುತ್ತ ಕಪ್ಪಾಯಿತು, ಅಂಚಿನಿಂದ ನೀರು ನೆಲಕ್ಕೆ ಹರಿಯಿತು. ದೀಪ ಒಮ್ಮೆ ಸಣ್ಣದಾಗಿ ಮತ್ತೆ ಎದ್ದಿತು.

"ಆಯಿ, ಹಸಿವಿ ಆಗೇತಿ" ಎಂದಳು ಗುಬ್ಬಿ. "ಮಮ್ಮಿ ಎಲ್ಲಿ?" ಅವಳ ಕೂದಲು ಒಣಗಿ ಕೆದರಿಕೊಂಡಿತ್ತು. ಇಂದ್ರಾಬಾಯಿ ಅವಳನ್ನು ಎಳೆದುಕೊಂಡು, ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಾಡಿ ಹತ್ತಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದವಳೇ ಟ್ರಂಕಿನ ತಳದಿಂದ ಬಾಳಮ್ಮನ ಕೊನೆಯ ಸೀರೆ ತೆಗೆದಳು. ಇಳಕಲ್ ಸೀರೆ, ಕೆಂಪು ಸೆರಗಿನದು. ಟಾವೆಲ್ ಎಂಬುದನ್ನು ಬಾಳಮ್ಮ ಎಂದೂ ನಂಬಿದವಳಲ್ಲ. ಹೆಣ್ಣುಮಕ್ಕಳಿಬ್ಬರ ತಲೆಯನ್ನೂ ಸೆರಗಿನಿಂದಲೇ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಮಡಿಕೆ ಹಾಕಿದ ಸೀರೆಯನ್ನು ಜಗಲಿಯ ಮೇಲಿಟ್ಟು, ಅದಕ್ಕೆ ತಾಗದಂತೆ, ಮಧ್ಯೆ ದೀಪ ಬರುವಂತೆ, ನೀರಿಳಿಯುವ ಖಣವನ್ನು ತಾಟಿನಲ್ಲಿ ಇಟ್ಟಳು. "ಅವ್ವಾ, ಬಸೂ ಬಂದಾಳ. ಅಕಿ ತೀರಿಕೊಂಡಾಳ. ಒಳಗ ಕರ್ಕೊ" ಎಂದಳು. ಹೋಗಿ ಬಾಗಿಲಿಗೆ ಚಿಲಕ ಹಾಕಿದಳು.

ಮುಂಜಾನೆ ಕಸ ಹೊಡೆಯಲು ಬಂದ ಮಹೇಶ್ವರಿ ಅತ್ತೆಯನ್ನು ಕರೆದಳು. ತಾಟಿನಲ್ಲಿ ಹನಿ ನೀರಿರಲಿಲ್ಲ. ಖಣ ಆಗಷ್ಟೇ ಅಂಗಡಿಯಿಂದ ತಂದಂತೆ ಗರಿಗರಿಯಾಗಿತ್ತು. ಬಾಳಮ್ಮನ ಸೀರೆಯ ಮಡಿಕೆ ಬಿಚ್ಚಿಕೊಂಡಿತ್ತು, ಅದರ ಕೆಂಪು ಸೆರಗು ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು.

"ಇದ್ಯಾಕ ಹಿಂಗ ತೊಯ್ದೈತ್ರಿ ಅತ್ತಿ?"

ಇಂದ್ರಾಬಾಯಿ ಸೆರಗಿನ ತುದಿಯನ್ನು ಕೈಗೆತ್ತಿಕೊಂಡಳು.

"ಅವ್ವ ತಲಿ ಒರಿಸ್ಯಾಳ" ಎಂದಳು, ಸೀರೆಯನ್ನು ಹಿತ್ತಲಿನ ಹಗ್ಗಕ್ಕೆ ಒಣಹಾಕಲು ಹೋದಳು.