ಕುಂಕುಮ ಕೂತ ಕಿಂಡಿ

ನಾನು ಒಂದು ತೆಳ್ಳನೆಯ ಉಕ್ಕಿನ ಪಟ್ಟಿ. ಧಾರವಾಡದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ, ದಿನಗೂಲಿಯ ಮೇಲಿದ್ದ ಮೌನೇಶಪ್ಪ ಪತ್ತಾರರ ಕೈಯಲ್ಲಿ ಹುಟ್ಟಿದೆ. ಅಕ್ಕಸಾಲಿ ಮನೆತನದ ಕೈ ಅದು. ಭೂತಗನ್ನಡಿ ಇಟ್ಟುಕೊಂಡು ಒಂದೊಂದೇ ಕಿಂಡಿ ಕೊರೆದರು.

“ಒಂದು ತೆರಿ, ಮೂರು ಮುಚ್ಚು ಅಂತೀಯಲ್ಲವ್ವಾ, ಹಲ್ಲು ಮುರಿದ ಬಾಚಣಿಕಿ ಆತು ಇದು!”

“ಅದರಾಗ ಲೆಕ್ಕ ಐತಿ ಕಾಕಾ. ಒಂದು ಕಿಂಡಿನೂ ಹೆಚ್ಚುಕಡಿಮಿ ಆಗಬಾರದು,” ಎಂದಳು ನೀಲಗಂಗಾ, ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ.

ಮಾತ್ರೆಯೊಳಗೆ ಮದ್ದು ಎಲ್ಲೆಲ್ಲಿ ಹರಡಿದೆ ಎಂದು ಲೇಸರ್ ಬೆಳಕಿನಿಂದ ಚಿತ್ರ ತೆಗೆಯುವುದು ಅವಳ ಕೆಲಸ. ಮಾತ್ರೆಯಿಂದ ಚದುರಿ ಬರುವ ಬೆಳಕು ಬಲು ಕ್ಷೀಣ. ಒಂದೊಂದೇ ಚುಕ್ಕೆಯಿಂದ ಹಿಡಿದರೆ ಸಾಲದು. ಹಾಗಾಗಿ ನನ್ನ ಕಿಂಡಿಗಳು ಹಲವು ಚುಕ್ಕೆಗಳ ಬೆಳಕನ್ನು ಒಟ್ಟಿಗೆ ಬಿಡುತ್ತಿದ್ದವು. ನನ್ನನ್ನು ಒಂದು ಹೆಜ್ಜೆ ಸರಿಸಿದರೆ ಬೇರೆ ಗುಂಪು. ಮೂವತ್ತೊಂದು ಸಲ ಅಳೆದು, ಕೊನೆಗೆ ಗಣಿತದಿಂದ ಪ್ರತಿ ಚುಕ್ಕೆಯ ಪಾಲನ್ನು ಬಿಡಿಸುತ್ತಿದ್ದಳು. ಮೊದಲ ಚಿತ್ರ ಮೂಡಿದ ದಿನ, ಕಣ್ಣಿಗೆ ಕಸ ಬಿದ್ದ ಮಗುವಿಗೆ ಊದುವಂತೆ, ಮೆಲ್ಲಗೆ ಊದಿ ನನ್ನ ಧೂಳು ತೆಗೆದಳು.

ಖಂಡೇನವಮಿ ಬಂತು. ಮೌನೇಶಪ್ಪ ಉಳಿ, ಸುತ್ತಿಗೆ, ಯಂತ್ರಗಳಿಗೆಲ್ಲ ಪೂಜೆ ಮಾಡಿ, ಯಾರೂ ಇಲ್ಲದ ಹೊತ್ತಿನಲ್ಲಿ ಲ್ಯಾಬಿಗೂ ಬಂದರು.

“ನನ್ನ ಕೈಯಾಗ ಹುಟ್ಟಿದ್ದು, ನಿನ್ನ ಹೆಂಗ ಬಿಡ್ಲಿ?”

ಸಾಹೇಬರು ಕಂಡು ಬೈದಾರೆಂದು ನನ್ನ ಒಳಮಗ್ಗುಲಿಗೆ ಒದ್ದೆ ಕುಂಕುಮ ಹಚ್ಚಿದರು. ಒಂದು ಹನಿ ಜಾರಿ ಕಿಂಡಿಯಲ್ಲಿ ಕೂತು ಒಣಗಿತು. ನನಗೆ ಗೊತ್ತಾಯಿತು. ಹೇಳಲು ಬಾಯಿರಲಿಲ್ಲ.

ಅಂದಿನಿಂದ ಪ್ರತಿ ಚಿತ್ರದಲ್ಲೂ ಇಲ್ಲದ ಕಡೆಯಲ್ಲೆಲ್ಲ ಮದ್ದು ಕಾಣತೊಡಗಿತು. ನೀಲಗಂಗಾ ಲೆಕ್ಕವನ್ನು ಹತ್ತಾರು ಸಲ ತಿದ್ದಿದಳು. ಡಬ್ಬಿಯ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು.

ದೀಪಾವಳಿಯವರೆಗೆ ಕಾದ ಅವಳ ಗೈಡ್ ದೇಸಾಯಿ ಸರ್, “ಸಾಕು ಮಾಡು. ಈ ಪದ್ಧತಿ ಆಗೋದಲ್ಲ. ಲೇಸರ್ ಬೇರೆಯವರಿಗೆ ಕೊಟ್ಟಾಗೇದ,” ಎಂದರು. ಅವಳ ಮೂರು ವರ್ಷ ಒಂದು ಮಾತಿನಲ್ಲಿ ಹೋಯಿತು.

ನನ್ನನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಅವಳಿಗೆ ಕೆಂಪು ಕಂಡಿತು. ಮೂಸಿ ನೋಡಿದಳು. ಸರ್ ಕೋಣೆಯ ಕಡೆಗೆ ಧಾವಿಸಿದಳು. ಎದುರಿಗೆ ಮೌನೇಶಪ್ಪ.

“ಚಿತ್ರ ಚಲೋ ಬಂದುವೇನವ್ವಾ? ನಿನಗ ಹೇಳದನ ಇದಕ್ಕೂ ಪೂಜಿ ಮಾಡಿದ್ದೆ ನೋಡು.”

ಕಾರಣ ಹೇಳದೆ ಸರ್ ಲೇಸರ್ ಮರಳಿ ಕೊಡುತ್ತಿರಲಿಲ್ಲ. ಹೇಳಿದರೆ ಮುದುಕನ ಕೆಲಸ ಅಂದೇ ಹೋಗುತ್ತಿತ್ತು. ಅವಳ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದವು.

“ಬಂದುವು ಕಾಕಾ. ಭಾಳ ಚಲೋ ಬಂದುವು.”

ಅವಳು ಕಾಲೇಜು ಬಿಟ್ಟು ವರ್ಷಗಳಾದವು. ನಾನು ಡ್ರಾಯರಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಕುಂಕುಮ ಹಾಗೇ ಇದೆ, ಅವಳು ತೆಗೆಯಲಿಲ್ಲ. ತೆರೆದದ್ದು ಬೆಳಕು ಬಿಡುತ್ತದೆ, ಮುಚ್ಚಿದ್ದು ತಡೆಯುತ್ತದೆ, ನನಗೆ ಕಲಿಸಿದ್ದು ಇಷ್ಟೇ. ಅಂದು ಅವಳು ಮುಚ್ಚಿಕೊಂಡ ಬಾಯಿಯ ಲೆಕ್ಕವನ್ನು ಮಾತ್ರ ನನಗೆ ಇನ್ನೂ ಬಿಡಿಸಲಾಗಿಲ್ಲ.