ಪೋತದಾರ, ಮಿರಜ

ತ್ರಿಶಲಾ ಮದುವೆಯಾಗಿ ಚಿಕ್ಕೋಡಿಗೆ ಬಂದ ವಾರದಲ್ಲೇ ಪಕ್ಕದ ಮನೆಯ ದುಂಡವ್ವ ಅವಳ ಕಿವಿಗೆ ಒಂದು ಮಾತು ಹಾಕಿದ್ದಳು. "ನಿನ್ನ ಗಂಡ ಕಾಲೇಜಿಗೆ ಹೋಗೂವಾಗ ಆ ಸುಗಂಧಾ ಪೋತದಾರ ಅದಾಳಲ್ಲ, ಸಾಲಿ ಕಲಸೂ ಬಾಯಿ, ಆಕೀ ಜೋಡಿ ಕುಂತು ಓದತಿದ್ದಾ ನೋಡವಾ. ಬರೇ ಓದೂದ ಅಂತ."

ಕೊನೆಯ ಆ 'ಅಂತ' ಮುಳ್ಳಾಗಿ ನೆಟ್ಟಿತು. ಏಳು ವರ್ಷವಾದರೂ ಹೊರಬಂದಿರಲಿಲ್ಲ.

ಗಂಡ ಜಯಪಾಲ ಕೋರ್ಟಿನಲ್ಲಿ ಗುಮಾಸ್ತ, ಮಿತಭಾಷಿ. ಸುಗಂಧಾ ಇನ್ನೂ ಮದುವೆಯಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ "ಆರಾಮ ಅದೀರಿ ವೈನಿ?" ಎಂದು ನಗುತ್ತಿದ್ದಳು. ತ್ರಿಶಲಾ ಆ ನಗೆಯನ್ನು ಮನೆಗೆ ತಂದು, ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದಿದ್ದುದೇ ಅವಳಿಗೆ ಅನುಮಾನ.

೧೯೮೮ರಲ್ಲಿ, ಬಸದಿಯ ದಶಲಕ್ಷಣ ಪರ್ವಕ್ಕೆ ಮುಂಚೆ ಮನೆ ಹಸನು ಮಾಡುವಾಗ, ಗಂಡನ ಟ್ರಂಕಿನ ತಳದಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಕಿಸೆ ಗಡಿಯಾರ ಸಿಕ್ಕಿತು. ಗಾಜು ಸೀಳಿತ್ತು, ಮುಳ್ಳುಗಳು ನಿಂತಿದ್ದವು. ಬಿಳಿಯ ಡಯಲಿನ ಮೇಲೆ, ಹನ್ನೆರಡರ ಕೆಳಗೆ, ನೀಲಿ ಬಣ್ಣದ ಮರಾಠಿ ಅಕ್ಷರದಲ್ಲಿ ಎರಡು ಮಾತು: ಪೋತದಾರ, ಮಿರಜ.

ಈ ಕಡೆ ಹೆಸರಿಲ್ಲದ ಉಡುಗೊರೆ ಇಲ್ಲ. ಮದುವೆಗೆ ಒಂದು ತಂಬಿಗೆ ಕೊಟ್ಟರೂ ಕೊಟ್ಟವರು ಹೆಸರು ಕೊರೆಸಿಯೇ ಕೊಡುತ್ತಾರೆ. ತ್ರಿಶಲಾ ದಿನಾ ತಿಕ್ಕಿ ಬೆಳಗುವ ಭಾಂಡೆಗಳ ಮೇಲೆ ಅಂಥ ಹೆಸರುಗಳು ಇಪ್ಪತ್ತಿದ್ದವು. ಹಾಗಿರುವಾಗ ಗಡಿಯಾರ ಕೊಟ್ಟವರು ಯಾರೆಂದು ಕೇಳಬೇಕೇ?

ಆದರೂ ಸಂಜೆ ಕೇಳಿದಳು. "ಇದು ಯಾರದ್ರಿ?"

"ಹಳೇದು. ಇರ್ಲಿ ಬಿಡು," ಎಂದು ಜಯಪಾಲ ಅವಳ ಕೈಯಿಂದ ತೆಗೆದುಕೊಂಡು ಮೊದಲಿನ ಹಾಗೆಯೇ ಬಟ್ಟೆ ಸುತ್ತಿದ. ಎಷ್ಟು ಮೆತ್ತಗೆ ಸುತ್ತಿದ ಎಂಬುದನ್ನು ಅವಳು ನೋಡಿಟ್ಟುಕೊಂಡಳು.

ಮುಂದಿನ ತಿಂಗಳು ತವರಿಗೆಂದು ಬೇಡಕಿಹಾಳಕ್ಕೆ ಹೋದವಳು, ಗಡಿಯಾರವನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋಗಿ, ಅಲ್ಲಿಂದ ಬಸ್ಸು ಹಿಡಿದು ನಿಪ್ಪಾಣಿಯ ಭೀಮಸಿಯ ಅಂಗಡಿಗೆ ಹೋದಳು. ಹಳೆಯ ಗಡಿಯಾರಗಳಿಗೆ ಆ ಕಡೆ ಅವನದೇ ಕೈ. ಗಂಡನಿಗೆ ತಿಳಿಯದಂತೆ ದುರಸ್ತಿ ಮಾಡಿಸಿ ಕೊಡಬೇಕು ಎಂದಳು. ನಿಜವಾಗಿ ಬೇಕಾಗಿದ್ದುದು ಬೇರೆ.

ಭೀಮಸಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ಎಬ್ಬಿದ. "ಬೆಳ್ಳಿ ಐತ್ರಿ ಅಕ್ಕಾರ. ಇಲ್ಲಿ ನೋಡ್ರಿ, ಸಣ್ಣ ಕರಡಿ. ಇದು ಸ್ವಿಸ್ ಬೆಳ್ಳಿ ಮುದ್ರಿ. ಮಷೀನೂ ಅಲ್ಲೀದ. ಸ್ಪ್ರಿಂಗ್ ಹರದೈತಿ, ಮತ್ತೇನಿಲ್ಲ."

"ಅದಿರ್ಲಿ. ಈ ಪೋತದಾರ ಯಾರು?"

"ಸರಾಫ್ ರೀ. ಮಿರಜದಾಗ ಬಂಗಾರದ ಅಂಗಡಿ ಇಟ್ಟಿದ್ರು. ಗಡಿಯಾರ ಪರದೇಶದಿಂದ ತರಸೂದು, ಡಯಲ್ ಮ್ಯಾಲ ತಮ್ಮ ಹೆಸರು ಬರಸೂದು, ಮಾರೂದು. ಮಾಡಿದಾಂವ ಒಬ್ಬ, ಹೆಸರಿನಾಂವ ಒಬ್ಬ. ಇಂಥವು ನಾಕ ನನ್ನ ಕೈಯಾಗ ಹೋಗ್ಯಾವು."

"ನಮ್ಮ ಚಿಕ್ಕೋಡ್ಯಾಗೂ ಪೋತದಾರ ಅದಾರಲ್ರಿ."

ಭೀಮಸಿ ನಕ್ಕ. "ಬಂಗಾರ ಪರೀಕ್ಷಾ ಮಾಡಾವರೆಲ್ಲ ಪೋತದಾರರ ರೀ. ಪಾಟೀಲ ಅಂದವರೆಲ್ಲ ಒಂದ ಮನೀಯವರಾದ್ರ, ನಿಮ್ಮ ಊರಾಗ ಬೀಗರನ್ನ ಎಲ್ಲಿ ಹುಡುಕ್ತೀರಿ?"

ಅವಳೂ ನಕ್ಕಳು. ಏಳು ವರ್ಷದಲ್ಲಿ ಎದೆ ಅಷ್ಟು ಹಗುರಾದದ್ದೇ ಇಲ್ಲ. ಅಲ್ಲಿಗೇ ಎದ್ದುಬಿಟ್ಟಿದ್ದರೆ ಚೆನ್ನಾಗಿತ್ತು.

"ಡಯಲ್ ಒರಸೂವಾಗ ಹುಷಾರಿರ್ಬೇಕು," ಎಂದು ಭೀಮಸಿ ತನ್ನಷ್ಟಕ್ಕೆ ಹೇಳಿಕೊಂಡ. "ಅಂಕಿ ಭಟ್ಟ್ಯಾಗ ಸುಟ್ಟು ಕೂಡಿಸಿದ್ದು, ಹೋಗೂದಿಲ್ಲ. ಹೆಸರು ಆಮ್ಯಾಲ ಬರದ ಬಣ್ಣ. ಸ್ಪಿರಿಟ್ ಸೋಂಕಿದ್ರ ಹೋತು."

"ಅಳಿಸಿಬಿಡ್ರಿ."

ಹೇಳಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಅಯ್ಯ! ಹೆಸರಿದ್ರನ ಅದರ ಗುರ್ತು. ಎಲ್ಲಿಂದ ಬಂತು ಅಂತ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಾಗೂದು ಬ್ಯಾಡ."

ಅಂಗಡಿಯ ಹೆಸರೆಂದು ಬುದ್ಧಿ ಒಪ್ಪಿತ್ತು. ಆದರೆ ನಡೆಯುವ ಗಡಿಯಾರವನ್ನು ಗಂಡ ದಿನಾ ತೆಗೆದು ನೋಡುತ್ತಾನೆ. ನೋಡಿದಾಗಲೆಲ್ಲ ಆ ನಾಲ್ಕು ಅಕ್ಷರ ಕಣ್ಣಿಗೆ ಬೀಳುತ್ತವೆ. ಅಕ್ಷರ ಯಾರದಾದರೇನು, ನೆನಪು ಯಾರದಾಗುತ್ತದೆ?

ಮೂರು ವಾರದ ಮೇಲೆ ಗಡಿಯಾರವನ್ನು ಬಿಡಿಸಿ ತಂದು, "ನಿಪ್ಪಾಣ್ಯಾಗ ರಿಪೇರಿ ಮಾಡಿಸೀನ್ರಿ" ಎಂದು ಗಂಡನ ಕೈಗಿಟ್ಟಳು. ಜಯಪಾಲ ಕೀಲಿ ಕೊಟ್ಟು ಕಿವಿಗೆ ಹಿಡಿದ. ಅವನ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿರಲಿಲ್ಲ. ಆಮೇಲೆ ಕಿಟಕಿಯ ಬಳಿ ಹೋಗಿ ಡಯಲು ತಿರುಗಿಸಿದ.

"ಹೆಸರೆಲ್ಲಿ ಹೋತು?"

"ತೊಳಿಯೂದ್ರಾಗ ಹೋಗಿರಬೇಕ್ರಿ."

ಅವನು ಬರಿದಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. "ಅಪ್ಪ ಮಿರಜದಾಗ ತಗೊಂಡಿದ್ದು. ನನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಒಂದೊಂದ ಅಕ್ಷರದ ಮ್ಯಾಲ ಬಟ್ಟ ಇಟ್ಟು ಓದಸ್ತಿದ್ದ. ಪೋ, ತ, ದಾ, ರ. ಸಾಲಿಗೆ ಹೋಗೂಕಿಂತ ಮೊದಲ ನಾ ಕಲತ ಅಕ್ಷರ ಇವ. ಅದ ವರ್ಷ ಅಂವಾ ಹೋದಾ."

ಸತ್ತ ತಂದೆಯ ಬಗ್ಗೆ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು.

"ಯಾಂವ ಅಂವಾ ರಿಪೇರಿ ಮಾಡಿದಾಂವ? ನಾಳೆ ರಜಾ ಹಾಕಿ ನಿಪ್ಪಾಣಿಗೆ ಹೋಗ್ತೀನಿ. ಮಂದೀ ವಸ್ತು ಅಂದ್ರ ಹಿಂಗ ಮಾಡೂದು?"

ಅವಳ ಕಣ್ಣೆದುರು ಭೀಮಸಿ ಬಂದ. ತಪ್ಪಿಲ್ಲದವನು, ಬೇಡ ಎಂದವನು. ಅವನು ಬೈಸಿಕೊಳ್ಳುವುದನ್ನು ನೆನೆದು ನಾಚಿಕೆಯಾಯಿತು. ಅವನು ನಿಜ ಹೇಳಿಬಿಟ್ಟಾನೆಂಬ ಅಂಜಿಕೆಯೂ ಇತ್ತು, ಸುಳ್ಳೇಕೆ.

"ಅಂವಂದು ತಪ್ಪಿಲ್ರಿ. ನಾನ ಅಳಸು ಅಂದೆ."

"ನೀನ? ಯಾಕ?"

"ಪೋತದಾರ ಅಂತ ಇತ್ತಲ್ರಿ."

ಇಷ್ಟೇ ಅಂದಿದ್ದಳು. ಹೆಚ್ಚಿಗೆ ಒಂದಕ್ಷರವಿಲ್ಲ. ಜಯಪಾಲ ಗಡಿಯಾರದಿಂದ ತಲೆ ಎತ್ತಿದ.

"ಸುಗಂಧಾ?" ಎಂದ.

ಬೈಯಲಿ, ಇಡೀ ವಾರ ಮಾತು ಬಿಡಲಿ ಎಂದು ಅವಳು ಎಲ್ಲಕ್ಕೂ ಗಟ್ಟಿಯಾಗಿ ನಿಂತಿದ್ದಳು. ಇದೊಂದಕ್ಕೆ ನಿಂತಿರಲಿಲ್ಲ. ಊರಿನಲ್ಲಿ ಪೋತದಾರರ ಮನೆ ಎಂಟಿದ್ದವು. ಅವನ ನಾಲಗೆ ಎಲ್ಲಿಯೂ ತಡವರಿಸದೆ, ಯಾರನ್ನೂ ಕೇಳದೆ, ನೇರ ಆ ಒಂದೇ ಮನೆಯ ಬಾಗಿಲಿಗೆ ಹೋಗಿ ನಿಂತಿತ್ತು.